ಬಿಳಿಯಾನೆಯ ಮೇವಿನ ಲೆಕ್ಕ

ಫ್ರಾನ್ಸ್ ದೇಶದ ಆಲ್ಸೇಸ್ ಸೀಮೆಯಲ್ಲಿ ಮೊಲ್ಸೈಮ್ ಎಂಬ ಸಣ್ಣ ಊರಿದೆ. ಬುಗಾಟಿ ಕಾರುಗಳ ತವರು ಅದು. 2005ರಲ್ಲಿ ಅಲ್ಲಿಂದ ಹೊರಬಂದ 'ವೇರಾನ್' ಎಂಬ ಕಾರು ಗಂಟೆಗೆ 400 ಕಿಮೀ ವೇಗವನ್ನು ದಾಟಿ ಹೆಸರು ಮಾಡಿತು. ಗರಿಷ್ಠ ವೇಗ 407 ಕಿಮೀ. ಎಂಜಿನ್ನಿನ ಗಾತ್ರ 8 ಲೀಟರ್, ಸಿಲಿಂಡರುಗಳು 16, ಟರ್ಬೊಗಳು 4, ಬಲ 1001 ಅಶ್ವಶಕ್ತಿ. ಬೆಲೆ ಹತ್ತು ಲಕ್ಷ ಯೂರೋಗಳಿಗೂ ಮೇಲೆ. ಇಷ್ಟು ವಿವರವನ್ನು ಕಾರಿನ ಹುಚ್ಚಿರುವ ಯಾವ ಹೈಸ್ಕೂಲು ಹುಡುಗನಾದರೂ ಮಗ್ಗಿಯಂತೆ ಒಪ್ಪಿಸಬಲ್ಲ. ಆದರೆ ಆ ಕಾರಿನ ನಾಲ್ಕು ಟೈರುಗಳನ್ನು ಬದಲಿಸಲು ಎಷ್ಟು ಹಣ ಬೇಕು ಎಂದು ಕೇಳಿದರೆ ಹುಡುಗ ತಡವರಿಸುತ್ತಾನೆ. ಅಮೆರಿಕದ ವಾಹನ ಪತ್ರಿಕೆಗಳು ಮತ್ತೆ ಮತ್ತೆ ಬರೆದಿರುವ ಲೆಕ್ಕ 40 ಸಾವಿರ ಡಾಲರಿಗಿಂತ ಹೆಚ್ಚು. ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ 34 ಲಕ್ಷ ರೂಪಾಯಿ! ಅಪಘಾತವಾಗಿಲ್ಲ, ಏನೂ ಮುರಿದಿಲ್ಲ. ಸವೆದ ಟೈರು ಬದಲಿಸಿದ್ದಷ್ಟೇ. ಎಂಜಿನ್ ಆಯಿಲ್ ಬದಲಿಸುವ ಖರ್ಚೂ 20 ಸಾವಿರ ಡಾಲರನ್ನು ಮುಟ್ಟುತ್ತದೆ ಎಂದು ಅದೇ ಪತ್ರಿಕೆಗಳು ಹೇಳುತ್ತವೆ.

ಹಣವಂತರ ಜೇಬಿಗೆ ಕತ್ತರಿ ಹಾಕುವ ಉಪಾಯವಿದು ಎಂದು ನಕ್ಕು ಸುಮ್ಮನಾಗಬಹುದು. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆದರೆ ಖರ್ಚಿನ ದೊಡ್ಡ ಪಾಲು ಅಂಗಡಿಯವನ ಆಸೆಯಿಂದ ಬಂದದ್ದಲ್ಲ, ಪ್ರೌಢಶಾಲೆಯ ಭೌತಶಾಸ್ತ್ರದಿಂದ ಬಂದದ್ದು. ಟೈರಿನಿಂದಲೇ ಶುರು ಮಾಡಿದರೆ ಇದು ಗೊತ್ತಾಗುತ್ತದೆ.

ಗಂಟೆಗೆ 407 ಕಿಮೀ ಎಂದರೆ ಸೆಕೆಂಡಿಗೆ 113 ಮೀಟರ್. ವೇರಾನಿನ ಹಿಂದಿನ ಟೈರಿನ ವ್ಯಾಸ 710 ಮಿಲಿಮೀಟರ್, ಅಂದರೆ ತ್ರಿಜ್ಯ ಸುಮಾರು 0.355 ಮೀಟರ್. ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 50 ಸುತ್ತು ಸುತ್ತುತ್ತದೆ. ವೃತ್ತಾಕಾರದ ಚಲನೆಯಲ್ಲಿ ಕೇಂದ್ರದ ಕಡೆಗಿನ ವೇಗೋತ್ಕರ್ಷ ಕಂಡುಹಿಡಿಯಲು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಬೇಕು ಎಂಬುದು ಪಿಯುಸಿ ಪಾಠ. 113ರ ವರ್ಗವನ್ನು 0.355ರಿಂದ ಭಾಗಿಸಿದರೆ ಸುಮಾರು 36,000 ಬರುತ್ತದೆ. ಭೂಮಿಯ ಗುರುತ್ವ ವೇಗೋತ್ಕರ್ಷ 9.8. ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಉತ್ತರ 3,600ಕ್ಕೂ ಮೇಲೆ. ಹಾಗೆಂದರೇನು? ಟೈರಿನ ಹೊರಮೈಯಲ್ಲಿರುವ ಒಂದು ಗ್ರಾಂ ರಬ್ಬರನ್ನು ಅದರ ಜಾಗದಲ್ಲಿ ಹಿಡಿದಿಡಲು, ಮೂರೂವರೆ ಕಿಲೋಗಿಂತ ಹೆಚ್ಚು ತೂಕದ ವಸ್ತುವನ್ನು ಎತ್ತಿ ಹಿಡಿಯುವಷ್ಟು ಬಲ ಬೇಕು. ಇಂಥ ಗ್ರಾಂಗಳು ಟೈರಿನಲ್ಲಿ ಸಾವಿರಾರು. ಒಂದು ಕಡೆ ಅಂಟು ಸಡಿಲವಾದರೂ ಟೈರು ಚಿಂದಿಯಾಗುತ್ತದೆ. ಆ ವೇಗದಲ್ಲಿ ಟೈರು ಹರಿದರೆ ಉಳಿದದ್ದನ್ನು ಊಹಿಸುವುದೇ ಬೇಡ.

ಅದಕ್ಕೇ ಈ ಟೈರುಗಳನ್ನು ಮಿಶೆಲಿನ್ ಕಂಪನಿ ಈ ಒಂದು ಕಾರಿಗಾಗಿಯೇ ತಯಾರಿಸಿತು. ಅವು ಮಾಮೂಲಿ ರಿಮ್ಮಿಗೆ ಕೂರುವಂಥವಲ್ಲ. 'ಪ್ಯಾಕ್ಸ್' ಎಂಬ ಬೇರೆಯೇ ಪದ್ಧತಿ. ಗಾಳಿ ಹೋದರೂ ಟೈರು ರಿಮ್ಮಿನಿಂದ ಕಳಚಿಕೊಳ್ಳದಂತೆ ಬಿಗಿದ ಅಂಚು, ಒಳಗೆ ಆಧಾರಕ್ಕೊಂದು ಬಳೆ. ತೆಗೆಯಲು, ಹಾಕಲು ವಿಶೇಷ ಯಂತ್ರವೇ ಬೇಕು. ಪೂರ್ತಿ ವೇಗದಲ್ಲಿ ಓಡಿಸಿದರೆ ಈ ಟೈರುಗಳ ಆಯಸ್ಸು ಸುಮಾರು 15 ನಿಮಿಷ ಎಂಬ ಮಾತು ಆಗ ಪ್ರಸಿದ್ಧವಾಗಿತ್ತು. ಹೆದರಬೇಕಿಲ್ಲ, 100 ಲೀಟರಿನ ಪೆಟ್ರೋಲ್ ಟ್ಯಾಂಕು 12 ನಿಮಿಷಕ್ಕೇ ಬರಿದಾಗುತ್ತದೆ ಎಂಬುದು ಅದರ ಜೊತೆಗಿನ ಸಮಾಧಾನದ ಮಾತು! 2016ರಲ್ಲಿ ಬಂದ 'ಶಿರಾನ್' ಎಂಬ ಮುಂದಿನ ಕಾರಿಗೆ ಬುಗಾಟಿ ಈ ವಿಶೇಷ ಪದ್ಧತಿಯನ್ನು ಕೈಬಿಟ್ಟು ಮಾಮೂಲಿ ಬಗೆಯ ರಿಮ್ಮನ್ನೇ ಬಳಸಿತು.

ಇನ್ನು ಆಯಿಲ್ ಬದಲಾವಣೆ. ಮಾರುತಿ 800 ಕಾರಿನ ಕೆಳಗೆ ನುಸುಳಿ, ಒಂದು ಬೋಲ್ಟು ಬಿಚ್ಚಿ, ಹಳೆಯ ಆಯಿಲನ್ನು ತಗಡಿನ ಡಬ್ಬಿಗೆ ಇಳಿಸುವುದನ್ನು ನೋಡದವರು ಯಾರು? ಅರ್ಧ ಗಂಟೆಯ ಕೆಲಸ. ವೇರಾನಿನಲ್ಲಿ ಆಯಿಲ್ ಇಳಿಸಲು ಬಿಚ್ಚಬೇಕಾದ ಮುಚ್ಚಳಗಳೇ 16. ಅವನ್ನು ತಲುಪಲು ಹಿಂದಿನ ಚಕ್ರಗಳನ್ನೂ ಮೈಗೆ ಹೊದಿಸಿದ ಹಲವು ಹಲಗೆಗಳನ್ನೂ ಕಳಚಬೇಕು. ಹೀಗೇಕೆ ಕಟ್ಟಿದರು ಎಂದರೆ, ಜಾಗವಿಲ್ಲ. ಪೆಟ್ರೋಲಿನ ಶಕ್ತಿಯಲ್ಲಿ ಬಹುಪಾಲು ಚಕ್ರವನ್ನು ತಲುಪದೆ ಶಾಖವಾಗಿ ಪೋಲಾಗುತ್ತದೆ. ಇದು ಎಲ್ಲ ಎಂಜಿನ್ನುಗಳ ಹಣೆಬರಹ. ಸಣ್ಣ ಕಾರಿಗೆ ಒಂದು ರೇಡಿಯೇಟರ್ ಸಾಕು. ಸಾವಿರ ಅಶ್ವಶಕ್ತಿಯ ಎಂಜಿನ್ನಿನ ಶಾಖ ಹೊರಹಾಕಲು ಈ ಕಾರಿನಲ್ಲಿ 10 ರೇಡಿಯೇಟರುಗಳಿವೆ. ಅವುಗಳಿಗೆ ಕೊಳವೆಗಳು, ಕೊಳವೆಗಳಿಗೆ ಕೀಲುಗಳು, ಇವೆಲ್ಲದರ ನಡುವೆ ಸಿಕ್ಕಿಕೊಂಡ ಎಂಜಿನ್ನು. ಮೆಕ್ಯಾನಿಕ್ಕನ ಕೈ ತೂರುವಷ್ಟು ಸಂದು ಬಿಡುವುದು ವಿನ್ಯಾಸಕಾರರ ಆದ್ಯತೆಯಾಗಿರಲಿಲ್ಲ.

ಗಾಳಿಯ ತಡೆ ಮೀರಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ಗಂಟೆಗೆ 100 ಕಿಮೀ ವೇಗದಲ್ಲಿ ಬೇಕಾದುದಕ್ಕಿಂತ 400 ಕಿಮೀ ವೇಗದಲ್ಲಿ 4ರ ಘನ, ಅಂದರೆ 64 ಪಟ್ಟು ಶಕ್ತಿ ಬೇಕು. ಕಾರಿನ ವೇಗ ನಾಲ್ಕು ಪಟ್ಟು ಹೆಚ್ಚಿತು ಎಂದಷ್ಟೇ ಜಾಹೀರಾತು ಹೇಳುತ್ತದೆ. ಉಳಿದದ್ದು ಬಿಲ್ಲಿನಲ್ಲಿ ಬರುತ್ತದೆ.

ಬುಗಾಟಿಯ ಮಾತು ಅಲ್ಲಿಗೆ ಬಿಡೋಣ. ಅದನ್ನು ಕೊಳ್ಳುವವರು ಬಿಲ್ಲು ನೋಡಿ ಬೆವರುವವರಲ್ಲ. ಓಡಿಸದೆ ಶೆಡ್ಡಿನಲ್ಲಿ ನಿಲ್ಲಿಸಿದ ಕಾರೂ ಹಣ ನುಂಗುತ್ತದೆ ಎಂಬುದು ಇದಕ್ಕಿಂತ ದೊಡ್ಡ ಅಚ್ಚರಿ. ಇಟಲಿಯ ಫೆರಾರಿ ಕಂಪನಿಯ 'ಎಫ್ 355' ಇದಕ್ಕೆ ಒಳ್ಳೆಯ ಉದಾಹರಣೆ. 1994ರಲ್ಲಿ ಬಂದ ಈ ಕಾರಿನ ಎಂಜಿನ್ನು ಸೀಟಿನ ಹಿಂದೆಯೇ ಇದೆ. ಎಂಟು ಸಿಲಿಂಡರ್, ಪ್ರತಿಯೊಂದಕ್ಕೂ ಐದು ಕವಾಟ, ಒಟ್ಟು 40. ನಿಮಿಷಕ್ಕೆ 8,500 ಸುತ್ತು ಸುತ್ತುವಾಗ ಪ್ರತಿ ಕವಾಟವೂ ಸೆಕೆಂಡಿಗೆ 70 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೇರುವಾಗ ಕವಾಟ ದಾರಿ ಬಿಟ್ಟಿರಬೇಕು. ಈ ತಾಳಮೇಳ ಕಾಯುವುದು ಹಲ್ಲುಗಳಿರುವ ರಬ್ಬರಿನ ಬೆಲ್ಟು. ಬೆಲ್ಟು ಕಡಿದರೆ ಅಥವಾ ಒಂದೆರಡು ಹಲ್ಲು ಜಾರಿದರೆ ಪಿಸ್ಟನ್ ಹೋಗಿ ಕವಾಟಕ್ಕೆ ಗುದ್ದುತ್ತದೆ. ಒಂದು ಕ್ಷಣ ಸಾಕು, ಎಂಜಿನ್ನು ಗುಜರಿ.

ಹೀಗಾಗಿ ಕೆಲವು ವರ್ಷಗಳಿಗೊಮ್ಮೆ, ಕಾರು ಓಡಿರಲಿ ಬಿಡಲಿ, ಬೆಲ್ಟು ಬದಲಿಸಲೇಬೇಕು. ಓಡದ ಬೆಲ್ಟು ಏಕೆ ಹಾಳಾಗುತ್ತದೆ ಎಂದು ಕೇಳುವವರು ಮೇಜಿನ ಖಾನೆಯಲ್ಲಿ ಮರೆತಿಟ್ಟ ರಬ್ಬರ್ ಬ್ಯಾಂಡನ್ನು ಎಳೆದು ನೋಡಲಿ. ಬಳಸದಿದ್ದರೂ ಅದು ಪುಟುಕ್ಕನೆ ಕಡಿಯುತ್ತದೆ. ಗಾಳಿಯಲ್ಲಿನ ಆಮ್ಲಜನಕ ರಬ್ಬರಿನ ಉದ್ದನೆಯ ಅಣುಸರಪಳಿಗಳ ಜೊತೆ ಸದಾ ವರ್ತಿಸುತ್ತಿರುತ್ತದೆ. ಶಾಖ ಹೆಚ್ಚಿದ್ದಲ್ಲಿ ಇನ್ನೂ ಬೇಗ. ಓಝೋನ್ ಅನಿಲದ ಅಂಶ ತೀರ ಕಡಿಮೆಯಿದ್ದರೂ ಎಳೆದು ಕಟ್ಟಿದ ರಬ್ಬರಿನಲ್ಲಿ ಬಿರುಕು ಹುಟ್ಟಿಸಬಲ್ಲದು. ಆಸಕ್ತಿಯಿರುವ ವಿದ್ಯಾರ್ಥಿಗಳು ಎರಡು ರಬ್ಬರ್ ಬ್ಯಾಂಡುಗಳಲ್ಲಿ ಒಂದನ್ನು ಸಡಿಲವಾಗಿ, ಇನ್ನೊಂದನ್ನು ಎಳೆದು ಕಟ್ಟಿ, ಬಿಸಿಲು ಬೀಳುವ ಕಿಟಕಿಯ ಸರಳಿನ ಮೇಲೆ ಕೆಲವು ವಾರ ಬಿಡಬಹುದು. ಪ್ರಯೋಗಶಾಲೆಯ ಅಗತ್ಯವಿಲ್ಲ.

ಎಫ್ 355ರ ಬೆಲ್ಟಿಗೆ ದುಬಾರಿ ಬೆಲೆಯೇನೂ ಇಲ್ಲ. ಆದರೆ ಅದಕ್ಕೆ ಕೈ ಹಾಕಬೇಕಾದರೆ ಇಡೀ ಎಂಜಿನ್ನನ್ನು ಕಾರಿನಿಂದ ಕೆಳಗಿಳಿಸಬೇಕು. 1984ರಲ್ಲಿ ಬಂದ 'ಟೆಸ್ಟರೋಸಾ' ಕಾರಿನದೂ ಇದೇ ಕಥೆ. ಇಳಿಸಿದ ಮೇಲೆ ಬೆಲ್ಟೊಂದನ್ನೇ ಬದಲಿಸಿ ಮತ್ತೆ ಏರಿಸುವುದು ಜಾಣತನವಲ್ಲ. ನೀರಿನ ಪಂಪು, ಸೀಲುಗಳು, ಕೊಳವೆಗಳು, ಎಲ್ಲವನ್ನೂ ಆಗಲೇ ನೋಡಬೇಕು. ಒಂದು ಮೊಳದ ರಬ್ಬರಿಗೆ ಹಲವು ದಿನಗಳ ಕೂಲಿ ತೆರಬೇಕಾಗುತ್ತದೆ. ಫೆರಾರಿಯವರಿಗೂ ಇದು ಅರಿವಾಗದೆ ಇರಲಿಲ್ಲ. ಎಫ್ 355ರ ನಂತರ ಬಂದ '360 ಮೊಡೆನಾ'ದಲ್ಲಿ ಸೀಟಿನ ಹಿಂದೆ ಒಂದು ಕಿಂಡಿ ಇಟ್ಟರು. ಎಂಜಿನ್ ಇಳಿಸುವ ಕೆಲಸ ತಪ್ಪಿತು. 2004ರ 'ಎಫ್ 430'ರಲ್ಲಿ ಬೆಲ್ಟನ್ನೇ ಬಿಟ್ಟು ಉಕ್ಕಿನ ಸರಪಳಿ ಹಾಕಿದರು.

ಇಂಗ್ಲೆಂಡಿನ ಮೆಕ್‌ಲಾರೆನ್ ಕಂಪನಿ 1990ರ ದಶಕದಲ್ಲಿ 'ಎಫ್ 1' ಎಂಬ ಹೆಸರಿನಲ್ಲಿ ಕೇವಲ 106 ಕಾರುಗಳನ್ನು ತಯಾರಿಸಿತು. ಅದರ ಎಂಜಿನ್ ಕೋಣೆಯ ಒಳಮೈಗೆ ಚಿನ್ನದ ಹಾಳೆ ಹಚ್ಚಿದ್ದಾರೆ. ಶ್ರೀಮಂತಿಕೆ ತೋರಿಸಲು ಅಲ್ಲ. ಶಾಖದ ಅವಕೆಂಪು ಕಿರಣಗಳನ್ನು ಪ್ರತಿಫಲಿಸುವುದರಲ್ಲಿ ಚಿನ್ನ ಬಲು ಸಮರ್ಥ, ಅದಕ್ಕೆ ತುಕ್ಕೂ ಹಿಡಿಯುವುದಿಲ್ಲ. ಆ ಚಿನ್ನದ ಖರ್ಚು ಒಂದೇ ಸಲದ್ದು. ಪೆಟ್ರೋಲ್ ತುಂಬುವ ರಬ್ಬರಿನ ಚೀಲದ್ದು ಹಾಗಲ್ಲ. ಓಡಲಿ ನಿಲ್ಲಲಿ, ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು, ಅದಕ್ಕೂ ಎಂಜಿನ್ನು ಇಳಿಯಬೇಕು. ಈ ಕಾರಿನ ತಪಾಸಣೆಗೆ ಬೇಕಾದ ತಂತ್ರಾಂಶ ಕಾಂಪ್ಯಾಕ್ ಕಂಪನಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡುತ್ತದೆಂದು ಮೆಕ್‌ಲಾರೆನ್ನಿನವರು ಅಂಥ ಲ್ಯಾಪ್‌ಟಾಪುಗಳನ್ನು ಜೋಪಾನ ಮಾಡಿಟ್ಟುಕೊಂಡಿದ್ದಾರೆಂಬ ಸುದ್ದಿ 2016ರಲ್ಲಿ ಹೊರಬಿತ್ತು. ಗುಜರಿ ಅಂಗಡಿಯಲ್ಲಿ ಕೇಳುವವರಿಲ್ಲದ ಲ್ಯಾಪ್‌ಟಾಪಿಗೆ ಎಂಥ ಭಾಗ್ಯ!

ಸಂಖ್ಯೆಯ ಮಾತೂ ಇಲ್ಲಿದೆ. ಮಾರುತಿ 800 ಕಾರು 1983ರಿಂದ 2014ರ ಆರಂಭದವರೆಗೆ ತಯಾರಾಯಿತು. ಮಾರಾಟವಾದದ್ದು 25 ಲಕ್ಷಕ್ಕೂ ಹೆಚ್ಚು. ಒಂದು ಬಿಡಿಭಾಗ ತಯಾರಿಸುವ ಅಚ್ಚಿಗೆ ಐದು ಕೋಟಿ ರೂಪಾಯಿ ತಗುಲಿತು ಎಂದುಕೊಂಡರೆ, 25 ಲಕ್ಷ ಕಾರುಗಳಿಗೆ ಹಂಚಿದಾಗ ಒಂದಕ್ಕೆ ಬೀಳುವುದು 20 ರೂಪಾಯಿ. ವೇರಾನ್ ತಯಾರಾದದ್ದು ಒಟ್ಟು 450. ಅದೇ ಐದು ಕೋಟಿಯನ್ನು 450ಕ್ಕೆ ಹಂಚಿದರೆ ಒಂದಕ್ಕೆ ಒಂದು ಲಕ್ಷ ಹನ್ನೊಂದು ಸಾವಿರ ದಾಟುತ್ತದೆ. ವಸ್ತು ಅದೇ, ಅಚ್ಚು ಅದೇ. ಭಾಜಕ ಬದಲಾಯಿತು ಅಷ್ಟೆ.

ಇಷ್ಟೆಲ್ಲ ನಮ್ಮೂರಿನವರಿಗೆ ಏಕೆ ಎಂಬ ಪ್ರಶ್ನೆ ಪಾಲಕರಿಂದ ಬರುವುದು ಸಹಜ. ಬುಗಾಟಿ, ಫೆರಾರಿಗಳನ್ನು ಯಾರೂ ಕೊಳ್ಳಹೊರಟಿಲ್ಲ. ಆದರೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳ ಹಳೆ ಕಾರು ಮಾರುವ ಅಂಗಡಿಗಳ ಮುಂದೆ ಬೇರೊಂದು ದೃಶ್ಯ ಉಂಟು. ಹೊಸದಾಗಿದ್ದಾಗ ಕೋಟಿಯ ಆಸುಪಾಸಿನಲ್ಲಿದ್ದ ಜರ್ಮನ್ ಕಾರು, ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಹೊಸ ಸಣ್ಣ ಕಾರಿನ ಬೆಲೆಗೆ ಮಿರಮಿರನೆ ಮಿಂಚುತ್ತ ನಿಂತಿರುತ್ತದೆ. ಕಾಲೇಜಿಗೆ ಹೋಗುವ ಮಗ ಅದರ ಸುತ್ತ ಎರಡು ಸುತ್ತು ಹಾಕಿ, "ಅಪ್ಪಾ, ಅದೇ ದುಡ್ಡಿಗೆ ಇದೇ ಬರುತ್ತಲ್ಲ!" ಎನ್ನುತ್ತಾನೆ. ಅಪ್ಪನಿಗೂ ಒಳಗೊಳಗೆ ಆಸೆ. ಮಗನ ಮಾತಿನಲ್ಲಿ ತಪ್ಪಿಲ್ಲ, ಕಾರು ಅದೇ ದುಡ್ಡಿಗೆ ಬರುತ್ತದೆ. ಆದರೆ ಕಾಲ ಕಳೆದಂತೆ ಬೆಲೆ ಇಳಿಯುವುದು ಕಾರಿನದು ಮಾತ್ರ, ಅದರ ಬಿಡಿಭಾಗಗಳದ್ದಲ್ಲ. ಹತ್ತು ಲಕ್ಷಕ್ಕೆ ಕೊಂಡ ಕಾರಿಗೆ ಕೋಟಿಯ ಕಾರಿನ ಭಾಗಗಳನ್ನೇ ಹಾಕಬೇಕು. ಮಗನ ಎರಡು ವರ್ಷದ ಕಾಲೇಜು ಶುಲ್ಕ ಒಂದೇ ದಿನದ ಬಿಲ್ಲಿಗೆ ಹೋದ ಮನೆಗಳಿವೆ. ಮಾರಿ ಕೈತೊಳೆದುಕೊಳ್ಳೋಣವೆಂದರೆ, ಕೆಟ್ಟು ನಿಂತ ಇಂಥ ಕಾರನ್ನು ಕೇಳುವವರಿಲ್ಲ.

ಉದಾಹರಣೆಗೆ ಸ್ಪಾರ್ಕ್ ಪ್ಲಗ್ಗು. ಮಾರುತಿ 800ಕ್ಕೆ ಮೂರು. ಮರ್ಸಿಡಿಸ್ ಬೆನ್ಝ್ ಕಂಪನಿಯ ಹನ್ನೆರಡು ಸಿಲಿಂಡರಿನ 'ಎಸ್ 600' ಕಾರಿನ ಒಂದು ಕಾಲದ ಎಂಜಿನ್ನಿಗೆ ಸಿಲಿಂಡರಿಗೆ ಎರಡರಂತೆ 24. ಅವುಗಳಿಗೆ ವಿದ್ಯುತ್ ಒದಗಿಸುವ ಕಾಯಿಲುಗಳು ಬಿಡಿಬಿಡಿಯಾಗಿಲ್ಲ. ಆರು ಸಿಲಿಂಡರಿಗೆ ಒಂದರಂತೆ ಉದ್ದನೆಯ ಪೆಟ್ಟಿಗೆ. ಒಂದು ಕಾಯಿಲು ಕೆಟ್ಟರೂ ಪೆಟ್ಟಿಗೆಯನ್ನೇ ಬದಲಿಸುವುದು ರೂಢಿ.

ಗಾಳಿಯ ಸಸ್ಪೆನ್ಷನ್ ಇನ್ನೊಂದು. 1998ರಲ್ಲಿ ಬಂದ ಎಸ್ ದರ್ಜೆಯ ಮರ್ಸಿಡಿಸ್ ಕಾರಿನಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರಿನ ಚೀಲಗಳಿದ್ದವು. ಸವಾರಿ ಹೂವಿನ ಪಲ್ಲಕ್ಕಿಯಂತೆ, ಅನುಮಾನವಿಲ್ಲ. ಆದರೆ ಇಲ್ಲಿಯೂ ಇರುವುದು ರಬ್ಬರೇ. ವರ್ಷಗಳು ಕಳೆದಂತೆ ಮಡಿಕೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಗಾಗುವಾಗ ಒಂದು ಮಗ್ಗುಲಿಗೆ ಕುಸಿದು ಕೂತಿರುತ್ತದೆ, ಮುದಿ ಎತ್ತಿನಂತೆ. ಎಂಜಿನ್ ಶುರುವಾದ ಕೂಡಲೇ ಸಣ್ಣ ಪಂಪೊಂದು ಗಾಳಿ ತುಂಬಿ ಮೇಲೆತ್ತುತ್ತದೆ. "ಎದ್ದಿತಲ್ಲ, ಸರಿಯಾಯಿತು" ಎಂದು ಒಡೆಯನಿಗೆ ಸಮಾಧಾನ. ತೂತು ಬಿದ್ದ ಟ್ಯೂಬಿಗೆ ಸೈಕಲ್ ಪಂಪಿನಿಂದ ದಿನವೂ ಗಾಳಿ ಹೊಡೆಯುವವನ ತೋಳಿನ ಗತಿ ಏನಾಗುವುದೋ ಅದೇ ಗತಿ ಆ ಪಂಪಿಗೂ ಆಗುತ್ತದೆ. ಬಿಡುವಿಲ್ಲದೆ ಓಡಿ, ಕಾದು, ಸುಟ್ಟುಹೋಗುತ್ತದೆ. ಚೀಲವೊಂದಕ್ಕೆ ಮುಗಿಯಬೇಕಾಗಿದ್ದ ಖರ್ಚು ಪಂಪಿಗೂ ಹಬ್ಬುತ್ತದೆ. ಈ ಬಗೆಯ ಕಾರನ್ನು ನೋಡಲು ಹೋಗುವವರು ಹಿಂದಿನ ರಾತ್ರಿಯಿಂದ ಅಲುಗಾಡದೆ ನಿಂತಿರುವಾಗ, ಎಂಜಿನ್ ಹಚ್ಚುವ ಮೊದಲೇ ನೋಡಬೇಕು. ಮಾರುವವರು ಮೊದಲೇ ಎಂಜಿನ್ ಬಿಸಿ ಮಾಡಿ ನಿಲ್ಲಿಸಿದ್ದರೆ ಅನುಮಾನಪಡುವುದು ಒಳ್ಳೆಯದು.

ಬ್ಯಾಟರಿಯಂಥ ಬ್ಯಾಟರಿಯೂ ಸರಳವಲ್ಲ. ಬಿಎಂಡಬ್ಲ್ಯು ಕಂಪನಿಯ ಅನೇಕ ಮಾದರಿಗಳಲ್ಲಿ ಹೊಸ ಬ್ಯಾಟರಿ ಹಾಕಿದ ಮೇಲೆ ಅದನ್ನು ಕಾರಿನ ಕಂಪ್ಯೂಟರಿಗೆ ತಿಳಿಸಬೇಕು. ತಿಳಿಸದಿದ್ದರೆ ಹಳೆಯ ಬ್ಯಾಟರಿಯೇ ಇದೆಯೆಂದು ಭಾವಿಸಿ ಅದಕ್ಕೆ ತಕ್ಕಂತೆ ಚಾರ್ಜು ಮಾಡುತ್ತ ಹೋಗುತ್ತದೆ. ಪೇಟೆಬೀದಿಯ ಬ್ಯಾಟರಿ ಅಂಗಡಿಯಲ್ಲಿ ಈ ಕೆಲಸ ಎಲ್ಲ ಕಡೆ ಆಗುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಮಾತ್ರ ಉಳಿತಾಯದ ಯೋಚನೆ ಬೇಡ. 1,500 ಕಿಲೋ ತೂಕದ ಕಾರು ಗಂಟೆಗೆ 300 ಕಿಮೀ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 52 ಲಕ್ಷ ಜೂಲ್. ನಿಲ್ಲಿಸುವಾಗ ಅದಷ್ಟೂ ಬಹುಪಾಲು ಬ್ರೇಕಿನ ಡಿಸ್ಕಿನಲ್ಲಿ ಶಾಖವಾಗುತ್ತದೆ. 16 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅದು ಸಾಕು. ಬೀಡು ಕಬ್ಬಿಣದ ಡಿಸ್ಕಿನ ಬದಲು ಇಂಗಾಲದ ಎಳೆ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿಸಿ ಕಾಯಿಸಿದ ಪಿಂಗಾಣಿ ಜಾತಿಯ ಡಿಸ್ಕುಗಳನ್ನು ಪೋರ್ಷ ಕಂಪನಿ 2001ರ '911 ಜಿಟಿ 2' ಕಾರಿನಲ್ಲಿ ತಂದದ್ದು ಈ ಕಾರಣಕ್ಕೆ. ತೂಕ ಅರ್ಧದಷ್ಟು, ಶಾಖಕ್ಕೆ ಬಗ್ಗುವುದಿಲ್ಲ. ಆದರೆ ಚಕ್ರ ಬಿಚ್ಚುವಾಗ ಕೈ ತಪ್ಪಿ ಅಂಚಿಗೆ ಬಡಿದರೆ ಚಕ್ಕೆ ಏಳಬಹುದು. ಆಗ ಅದಕ್ಕೆ ಬೆಸುಗೆಯಿಲ್ಲ, ಹೊಸದೇ ಬೇಕು. ಬೆಲೆ ಲಕ್ಷಗಳಲ್ಲಿ.

ಡಿಸ್ಕು ಯಾವುದೇ ಇರಲಿ, ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್ ಬಡವ ಬಲ್ಲಿದ ಎಂಬ ಭೇದ ಮಾಡುವುದಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಅಡುಗೆಮನೆಯ ಉಪ್ಪು ನೀರಾಡುವುದನ್ನು ಎಲ್ಲರೂ ಕಂಡಿದ್ದಾರೆ. ಗ್ಲೈಕಾಲ್ ಜಾತಿಯ ಬ್ರೇಕ್ ಆಯಿಲ್ಲಿಗೂ ಅದೇ ಗುಣ. ಗಾಳಿಯ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. 'ಡಾಟ್ 4' ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ನೂರಕ್ಕೆ 3.7ರಷ್ಟು ನೀರು ಸೇರಿದಾಗ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ಬ್ರೇಕು ಒತ್ತುತ್ತಲೇ ಇಳಿದರೆ ಆ ಬಿಸಿ ಮುಟ್ಟುವುದು ಕಷ್ಟವೇನಲ್ಲ. ಆಗ ಕೊಳವೆಯೊಳಗೆ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಕಾಲಡಿಯ ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಅದಕ್ಕೇ ಬಹುತೇಕ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಲು ಹೇಳುತ್ತವೆ. ಸಣ್ಣ ಕಾರಿನಲ್ಲಿ ಇದಕ್ಕೆ ತಗಲುವುದು ಅಲ್ಪ ಹಣ. ದೊಡ್ಡ ಬಿಲ್ಲಿಗೆ ಹೆದರಿ ಎರಡನೆಯ ಕೈಗೆ ಬಂದ ದುಬಾರಿ ಕಾರನ್ನು ಸರ್ವೀಸಿಗೇ ಕಳಿಸದವರು ಇದನ್ನೂ ಬಿಟ್ಟುಬಿಡುತ್ತಾರೆ. ಮಿಂಚುವ ಬಣ್ಣದ ಕೆಳಗೆ ನಿಜವಾದ ಅಪಾಯ ಅಡಗಿರುವುದು ಅಲ್ಲಿ.

ಹಳೆಯ ಕಾರು ನೋಡಲು ಹೋಗುವಾಗ ಮಕ್ಕಳನ್ನೂ ಕರೆದೊಯ್ಯಬಹುದು. ಅವರ ಕಣ್ಣು ಚುರುಕು. ಸರ್ವೀಸ್ ಪುಸ್ತಕದ ದಿನಾಂಕಗಳನ್ನು ಅವರೇ ಓದಲಿ. ಟೈರಿನ ಪಕ್ಕೆಯ ಮೇಲೆ ಉಬ್ಬಕ್ಷರದ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ ಆ ಟೈರು ತಯಾರಾದದ್ದು 2019ನೇ ಇಸವಿಯ 23ನೆಯ ವಾರದಲ್ಲಿ. 2000ಕ್ಕಿಂತ ಹಿಂದಿನವುಗಳಲ್ಲಿ ಮೂರೇ ಅಂಕಿ ಇರುತ್ತಿತ್ತು. ಗುಂಡಿ ಎಷ್ಟೇ ಆಳವಿರಲಿ, ಹತ್ತು ವರ್ಷ ದಾಟಿದ ರಬ್ಬರನ್ನು ನಂಬುವಂತಿಲ್ಲ. ಮನೆಯ ಮುಂದೆ ನಿಂತಿರುವ ಸ್ಕೂಟರಿನ ಟೈರಿನ ಮೇಲೂ ಈ ಅಂಕಿಗಳು ಇವೆ; ಧೂಳು ಒರೆಸಿ ಹುಡುಕಬೇಕಷ್ಟೆ.